ನಲವತ್ತೇಳು ಸ್ಲೈಡು

ಹವಾಸಾದಲ್ಲಿ ರಾತ್ರಿ ಹನ್ನೊಂದು. ಕರೆಂಟು ಈಗಷ್ಟೇ ಬಂತು.
ಬೆಳಗಿನ ಬಸ್ಸಿಗೆ ಅಡಿಸ್ ಅಬಾಬ, ಅಲ್ಲಿ ಹದಿನೈದು ನಿಮಿಷದ ಮಾತು.
ನನ್ನ ಹತ್ತಿರ ನಲವತ್ತೇಳು ಸ್ಲೈಡು.

ವೊಂದ್ವೊಸೆನ್ ಎಲ್ಲವನ್ನೂ ನೋಡಿದ.
ಎಕ್ಸ್‌ರೇ ತೆಗೆಯುವವನು, ಮಾತು ಕಮ್ಮಿ.
"ಬಾಯಲ್ಲಿ ಹಲ್ಲೇ ಮೂವತ್ತೆರಡು, ಡಾಕ್ಟ್ರೇ;
ನೀವು ಅದನ್ನೂ ಮೀರಿದಿರಿ,"
ಎಂದು ಕಾಫಿ ಹೀರಿದ.

ಸರಿ, ಕೀಳೋಣ.
ಮೊದಲು ಹೋದದ್ದು ಇರುವೆ ಸಾಲಿನಂಥ ಅಕ್ಷರ,
ಬರೆದ ನನಗೇ ಕಾಣದ್ದು.
ಆಮೇಲೆ ಗಿರ್ರನೆ ಸುತ್ತಿ ಬಂದು ಕೂರುವ ಶೀರ್ಷಿಕೆ,
ನೀಲಿಯ ಮೇಲೆ ಕೆಂಪು, ಆಸ್ಪತ್ರೆಯ ಮೂರು ಲಾಂಛನ,
ಕೊನೆಗೆ ಧನ್ಯವಾದ ಹೇಳುವ ಗುಲಾಬಿ.
ಅಲುಗಾಡುವ ಹಲ್ಲು ಕೀಳುವುದು ಸುಲಭ.
ಗಟ್ಟಿ ಬೇರು ಬಿಟ್ಟದ್ದು ಆ ಕೋಷ್ಟಕ:
ಮೂರು ವರ್ಷ, ಹದಿನಾರು ಬಾವಿ, ಒಂಬೈನೂರು ಮಕ್ಕಳು,
ಲೀಟರಿಗೆ ಎಷ್ಟೆಷ್ಟು ಫ್ಲೋರೈಡು.
ಅಳಿಸುವಾಗ ಅರಿವಳಿಕೆ
ನನಗೇ ಬೇಕಿತ್ತು.

ಉಳಿದದ್ದು ಬೊಂತುವಿನ ಬಾಯಿ.
ಕೊಕ್ಕೆ ಹಾಕಿ ತುಟಿ ಹಿಗ್ಗಿಸಿ ತೆಗೆದ ಫೋಟೊ,
ಸುಣ್ಣದ ಮಚ್ಚೆ, ಕಂದು ಗೆರೆ, ಸಣ್ಣ ಸಣ್ಣ ಕುಳಿ.
ಪರದೆ ತುಂಬ ಹರಡಿದೆ.
ವೊಂದ್ವೊಸೆನ್ ಬಟ್ಟಲು ಕೆಳಗಿಟ್ಟ.
"ಯಾರದು?"
"ಹೆಸರಿಲ್ಲ. ರೋಗಿ ಹದಿಮೂರು."
"ನಗು ಬಂದರೆ ಶಾಲು ಎಳೆದುಕೊಳ್ಳುತ್ತಾಳಲ್ಲ, ಆ ಹುಡುಗಿ.
ಅವಳು ಮುಚ್ಚಿದ್ದನ್ನು ನೀವು ಗೋಡೆಗೆ ಹಚ್ಚುತ್ತಿದ್ದೀರಿ."
ಒಪ್ಪಿಗೆ ಪತ್ರವಿದೆ, ಎಂದೆ. ಅಮ್ಮನ ಹೆಬ್ಬೆಟ್ಟಿದೆ.
ಅವನು ಏನೂ ಅನ್ನಲಿಲ್ಲ.
ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತಿತ್ತು, ಬಹಳ ಹೊತ್ತು.

ಜ್ವಾಯಿಯಲ್ಲಿ ಬಸ್ಸು ನಿಂತಿತು, ಮೀನು ಮಾರುವವರ ಗದ್ದಲ.
ಕಾಲು ಗಂಟೆ, ಎಂದ ಕಂಡಕ್ಟರ್.
ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಓಡಿದೆ.
ಬೊಂತು ಕೊಡದ ಸಾಲಿನಲ್ಲಿದ್ದಳು.
ತನ್ನ ಬಾಯಿಯನ್ನು ತಾನೇ
ಯಾರದೋ ಊರಿನ ನಕ್ಷೆಯೆಂಬಂತೆ ನೋಡಿದಳು.
ಬೆರಳಿಟ್ಟು ಒಂದು ಕುಳಿ ಮುಟ್ಟಿದಳು.
ಬೇಡ ಎನ್ನುತ್ತಾಳೆ ಎಂದುಕೊಂಡೆ; ತೆಗೆಯಲು ತಯಾರಾಗಿಯೇ ಇದ್ದೆ.

"ಇಷ್ಟೇ ತೋರಿಸಿದರೆ
ನಾನು ಹಲ್ಲುಜ್ಜದವಳು ಅಂದುಕೊಳ್ಳುತ್ತಾರೆ.
ಪಕ್ಕದಲ್ಲಿ ಇದನ್ನೂ ಹಾಕಿ," ಎಂದು
ನೀಲಿ ಪಂಪಿನ ಹಿಡಿ ಒತ್ತಿದಳು.
ನೀರು ಬಂತು, ಕನ್ನಡಿಯಂಥ ನೀರು,
ಯಾವ ತಪ್ಪೂ ಮಾಡದವರ ಹಾಗೆ.

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಫೋನಿನಲ್ಲೇ ತೆಗೆದೆ.
ಈಗ ಎರಡೇ ಸ್ಲೈಡು.
ಎರಡನೆಯದು ವಾಲಿದೆ; ಮೂಲೆಯಲ್ಲಿ ನನ್ನದೇ ಬೆರಳಿನ ನೆರಳು,
ಪಂಪಿನ ಮೇಲೆ ಅವಳ ಕೈ, ಹಿಂದೆ ಕೊಡಗಳ ಸಾಲು.

ನೇರ ಮಾಡಬಹುದಿತ್ತು.
ಮೋಜೊ ದಾಟುವವರೆಗೂ ನೋಡುತ್ತ ಕೂತೆ,
ಮಾಡಲಿಲ್ಲ.