ಗಾಳಿ ಇದ್ದಷ್ಟು

ಕೊಡಿ ಇಲ್ಲಿ, ಸತುರ್ನೀನೊ ತಾತ, ಹಾಗೆ ಕುಲುಕಬೇಡಿ.
ಕುಲುಕಿದರೆ ಹೊತ್ತಿಕೊಳ್ಳಲು ಇದೇನು ಮುನಿಸಿಕೊಂಡ ಮಗುವೇ?
ಎಲ್ ಆಲ್ಟೊ, ಗುರುವಾರದ ಸಂತೆ, ಬೆಳಗಿನ ಏಳು.
ಬಕೆಟ್ಟಿನ ನೀರಿಗೆ ಗಾಜಿನಂಥ ಕೆನೆ ಕಟ್ಟಿದೆ.
ನನ್ನ ಹಲಗೆಯ ಮೇಲೆ ಸತ್ತ ಲೈಟರುಗಳು ಮೂವತ್ತೇಳು,
ನಿಮ್ಮದು ಮೂವತ್ತೆಂಟು.

ಸಾಂತಾ ಕ್ರೂಸಿನ ಅಳಿಯ ಕೊಟ್ಟದ್ದೇ? ಅಂದುಕೊಂಡೆ.
ಅಲ್ಲಿ ಕೆಳಗೆ ಗಾಳಿ ಗಂಜಿಯಷ್ಟು ದಪ್ಪ.
ಅಲ್ಲಿ ಉರಿದು ರೂಢಿಯಾದದ್ದಕ್ಕೆ ಇಲ್ಲಿ ತಲೆ ಸುತ್ತುತ್ತದೆ,
ಬಸ್ಸಿಳಿದ ಪ್ರವಾಸಿಯ ಹಾಗೆ.

ಮೊದಲು ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ. ನಗಬೇಡಿ.
ಒಳಗಿರುವುದು ನೀರಲ್ಲ, ಒತ್ತಿ ಒತ್ತಿ ನೀರಾಗಿಸಿದ ಅನಿಲ.
ಈ ಚಳಿಗೆ ಅದಕ್ಕೆ ಆವಿಯಾಗುವ ಮನಸ್ಸೇ ಇಲ್ಲ,
ತಳದಲ್ಲಿ ಮುದುಡಿ ಮಲಗಿದೆ.
ಐದು ಲಂಗ, ಎರಡು ಶಾಲು, ಅದರೊಳಗೆ ನಾನು,
ನನ್ನ ಮಡಿಕೆಗಳಲ್ಲಿ ಊರವರ ಲೈಟರುಗಳು
ಕಾವಿಗಿಟ್ಟ ಮೊಟ್ಟೆಗಳು.

ಈಗ ಗುಂಡಿ ಒತ್ತಿ.
ಟಕ್.
ಆ ಟಕ್ ಇದೆಯಲ್ಲ, ಅದು ಸ್ಪ್ರಿಂಗಿನ ಸಿಟ್ಟು:
ಅದುಮಿಸಿಕೊಂಡು ಅದುಮಿಸಿಕೊಂಡು ಕೊನೆಗೆ ತಡೆಯದೆ
ಪುಟ್ಟ ಸುತ್ತಿಗೆಯನ್ನು ಬಿಟ್ಟುಬಿಡುತ್ತದೆ
ಅಕ್ಕಿಕಾಳಿನಂಥ ಹರಳಿನ ನೆತ್ತಿಗೆ.
ಪೆಟ್ಟು ತಿಂದ ಹರಳು ಮಿಂಚು ಕಕ್ಕುತ್ತದೆ.
ಮಿಂಚು ಈ ತಂತಿಯ ತುದಿಯಿಂದ ಮೂತಿಗೆ ನೆಗೆಯಬೇಕು;
ನಿಮ್ಮ ತಂತಿ ಬಾಗಿ, ಪಕ್ಕದ ತಗಡಿಗೆ ನೆಗೆಯುತ್ತಿದೆ,
ಕುಡಿದವನು ನೆರೆಮನೆಯ ಕದ ತಟ್ಟಿದ ಹಾಗೆ.
ಚಿಮುಟದಲ್ಲಿ ಹೀಗೆ. ಕೂದಲೆಳೆಯಷ್ಟು ಎತ್ತಿದರೆ ಸಾಕು.

ಅದು ಒಂದು ರೋಗ. ಇನ್ನೊಂದು ಮೂತಿಯಲ್ಲೇ ಇದೆ.
ಅಲ್ಲೊಂದು ತೂತು, ನಿಮ್ಮ ಕಣ್ಣಿಗೆ ಕಾಣದು,
ಈಚೆಗೆ ನನ್ನ ಕಣ್ಣಿಗೂ ಇಲ್ಲ.
ತುಟಿಯ ಹತ್ತಿರ ಹಿಡಿದು, ತಣ್ಣಗೆ ತಾಗಿದರೆ ತೆರೆದಿದೆ ಅಂತ.
ಅಲ್ಲಿಂದ ಅನಿಲ ಎಂಥ ಅವಸರದಲ್ಲಿ ನುಗ್ಗುತ್ತದೆಂದರೆ
ಅಕ್ಕಪಕ್ಕದ ಈ ಎರಡು ಕಿಂಡಿಗಳ ಗಾಳಿಯನ್ನೂ
ಸೆರಗು ಹಿಡಿದು ಎಳೆದುಕೊಂಡೇ ಹೋಗುತ್ತದೆ.
ಅದಕ್ಕೇ ಜ್ವಾಲೆ ನೀಲಿ, ಅದಕ್ಕೇ ಸುಸ್ಸೆನ್ನುವ ಸದ್ದು,
ಅದಕ್ಕೇ ಕಣಿವೆಯ ತುದಿಯ ಗಾಳಿಗೂ ಅಂಜದು.
ಈ ಕಿಂಡಿಯಲ್ಲಿ ಏನೇನು ತುಂಬಿದ್ದೀರಿ, ನೋಡಿ:
ಕೋಕಾ ಎಲೆಯ ಪುಡಿ, ಲಾಮಾದ ಕೊಬ್ಬು, ಬಣ್ಣದ ಸಕ್ಕರೆ.
ಭೂಮ್ತಾಯಿಗೆ ಇಟ್ಟ ಎಡೆಯಲ್ಲಿ ಅರ್ಧ
ಲೈಟರೇ ಉಂಡಿದೆ.

ಅಲುಗಾಡಬೇಡಿ! ಬಳೆ ಬಿತ್ತು.
ಕಪ್ಪು ರಬ್ಬರಿನದು, ಇರುವೆಯ ಕೈಗೆ ತೊಡಿಸುವಷ್ಟು.
ಅದಿಲ್ಲದಿದ್ದರೆ ಒಳಗಿನದೆಲ್ಲ ರಾತ್ರೋರಾತ್ರಿ
ಯಾರಿಗೂ ಹೇಳದೆ ಹೊರಟುಹೋಗುತ್ತದೆ.
ರೇಡಿಯೋ ರಿಪೇರಿಯ ಫೊರ್ತುನಾತೊ, ನನಗೆ ಕೆಲಸ ಕಲಿಸಿದವನು,
ಅನ್ನುತ್ತಿದ್ದ: ಕಳೆದದ್ದನ್ನು ಅಂಗೈಯಲ್ಲಿ ಹುಡುಕು, ಕಣ್ಣಲ್ಲಲ್ಲ.
ಸಿಕ್ಕಿತು. ನಿಮ್ಮ ಚಪ್ಪಲಿಯ ಕೆಳಗೆ.

ಇನ್ನು ತುಂಬಿಸುವುದು. ಅದಕ್ಕೂ ಮೊದಲು ಹೊಟ್ಟೆಯ ಗಾಳಿ ಬಿಡಿಸಬೇಕು:
ತಳದ ಕವಾಟಕ್ಕೆ ಮೊಳೆಯ ತುದಿ. ಬುಸ್.
ಈಗ ತಲೆಕೆಳಗೆ ಹಿಡಿದು, ಡಬ್ಬಿ ಮೇಲಿಂದ ನೆಟ್ಟಗೆ.
ಆಮೇಲೆ ಈ ತಿರುಪು. ಉರಿಯದಿದ್ದರೆ ಎಲ್ಲರೂ
ಹೆಚ್ಚಿನ ಕಡೆಗೇ ತಿರುವುತ್ತಾರೆ, ನೀವೂ ತಿರುವಿದ್ದೀರಿ,
ತೂತಿಗೆ ತುತ್ತು ತುರುಕಿದ್ದೀರಿ, ಉಸಿರು ಎಲ್ಲಿಂದ ತರುತ್ತದೆ ಪಾಪ?
ನಮ್ಮ ಎತ್ತರದಲ್ಲಿ ತಿರುವಬೇಕಾದ್ದು ಕಡಿಮೆಯ ಕಡೆಗೆ.
ಹಾಸಿಗೆಗೆ ಹೇಳುತ್ತಾರಲ್ಲ, ಹಾಗೆ:
ಗಾಳಿ ಇದ್ದಷ್ಟು ಕಾಲು ಚಾಚು.

ಐದು ಬೊಲಿವಿಯಾನೊ. ಚಿಲ್ಲರೆ ಇಲ್ಲದಿದ್ದರೆ
ಆಗಸ್ಟಿನ ಎಡೆಯಲ್ಲಿ ನನ್ನ ಹೆಸರೂ ಹೇಳಿ, ನಿಕೊಲಾಸ ತಾರ್ಕಿ ಅಂತ,
ಆದರೂ ಮೂರು ಬೊಲಿವಿಯಾನೊ ಕೊಡಲೇಬೇಕು.
ಹತ್ತು ನಿಮಿಷ ಸುಮ್ಮನಿರಲಿ. ಎಡೆಯ ಮೇಲೆ ಬಗ್ಗಿಸಬೇಡಿ,
ಪಕ್ಕದಿಂದ ಹಿಡಿಯಿರಿ. ಪರ್ವತ ಎಲ್ಲಿಗೂ ಹೋಗುವುದಿಲ್ಲ.

ಆಯಿತು, ಒತ್ತಿ.
ಎಲ್ಲಿ ಅಂದರೆ? ಹತ್ತಿದೆ.
ಬಿಸಿಲಲ್ಲಿ ಈ ಬೆಂಕಿ ಕಾಣುವುದಿಲ್ಲ,
ಮೂತಿಯ ಸುರುಳಿ ತಂತಿ ಕೆಂಪಗಾಗಿದೆ, ಅಷ್ಟೇ ಗುರುತು.
ಹತ್ತಿಲ್ಲ ಅನ್ನುತ್ತೀರಾ?
ಶಾಲಿನ ಕುಚ್ಚು ನೋಡಿಕೊಳ್ಳಿ, ತಾತ.