ಮೈನಸ್ ಒಂಬೈನೂರ ತೊಂಬತ್ತೊಂಬತ್ತು

ನಕ್ಷೆಯ ತುಂಬ ಒಂದೇ ಕೆಂಪು.
ಮೂಲೆಯಲ್ಲಿ ಮಾತ್ರ ಆರು ನೀಲಿ ಚುಕ್ಕೆ.

ಸುಗುಣಾ ಮೇಡಂ ನಾಳೆ ಹತ್ತಕ್ಕೆ ಬರುತ್ತಾರೆ.
'ಎಲ್ಲಿ ಬಿಸಿ, ಎಲ್ಲಿ ತಂಪು,
ಒಂದು ನೋಟಕ್ಕೆ ತಿಳೀಬೇಕು, ರುಖಿಯಾ' ಅಂದಿದ್ದರು.
ತಿಳೀತಿದೆಯಲ್ಲ:
ಶಿಡ್ಲಘಟ್ಟದ ನಾಲ್ಕು ಹುಳುಮನೆಗಳೂ
ಇಪ್ಪತ್ತೆಂಟು ದಿನ ಹೊತ್ತಿ ಉರಿದಿವೆ.

ಬೆಳಿಗ್ಗೆ ತಾರೀಕಿನ ತಕರಾರು.
ಫೆಬ್ರವರಿಯ ದಿನಗಳನ್ನು ತಿಂಗಳುಗಳೆಂದು ಓದಿ
ನಮ್ಮ ಹುಳುಗಳನ್ನು ಡಿಸೆಂಬರಿನವರೆಗೆ ಮೇಯಿಸಿತ್ತು,
ಹದಿಮೂರನೆಯ ತಿಂಗಳು ಸಿಗದೆ
ಅಲ್ಲೇ ಕೂತಿತ್ತು.
ಅದನ್ನು ತಿದ್ದಿ ಚಹಾ ಕುಡಿದು ಬಂದರೆ
ಈ ಕೆಂಪು.

ಕಾಲಮಿನ ಬುಡದಿಂದ ಮೇಲಕ್ಕೆ
ಬೆರಳಿಟ್ಟು ಹತ್ತಿದೆ.
೨೫.೯. ೨೬.೧. ೨೬.೪.
ಆಮೇಲೆ
ಮೈನಸ್ ಒಂಬೈನೂರ ತೊಂಬತ್ತೊಂಬತ್ತು,
ಆರು ಸಲ, ಒಂದರ ಮೇಲೊಂದು.

ಗೊತ್ತಿಲ್ಲ ಅನ್ನಲು ಬಾರದ ಯಂತ್ರ
ಗೊತ್ತಿಲ್ಲ ಅನ್ನುವುದು ಹೀಗೆ.
ಚಿತ್ರ ಬಿಡಿಸುವ ಈ ಸಾಫ್ಟ್‌ವೇರ್ ಪಾಪ, ವಿಧೇಯ.
ಆ ಚಳಿಯನ್ನು ನಿಜವೆಂದು ನಂಬಿ
ಬಣ್ಣದ ಏಣಿಯನ್ನು ಕೆಳಗೆ, ಇನ್ನೂ ಕೆಳಗೆ ಇಳಿಸಿ
ಇಪ್ಪತ್ನಾಲ್ಕಕ್ಕೂ ಇಪ್ಪತ್ತೆಂಟಕ್ಕೂ
ಒಂದೇ ಮೆಟ್ಟಿಲು ಉಳಿಸಿತ್ತು.
ಹುಳು ಬದುಕುವುದು ಸಾಯುವುದು
ಆ ನಾಲ್ಕು ಡಿಗ್ರಿಯೊಳಗೆ.

ಇದು ಅಂಕಿಯಲ್ಲ, ಗೈರುಹಾಜರಿ
ಎಂದು ಒಂದು ಸಾಲಿನಲ್ಲಿ ಹೇಳಿಕೊಟ್ಟೆ.
ಎರಡು ಸಲ ಬೈದು, ಮೂರನೆಯ ಸಲ ಒಪ್ಪಿತು.
ಬಣ್ಣ ಬಿಚ್ಚಿಕೊಂಡವು:
ಬೆಳಗಿನ ಜಾವದ ಎಳೆಹಸಿರು,
ಶೀಟ್ ಹೊದಿಸಿದ ಮೂರನೆಯ ಮನೆಗೆ
ಮಧ್ಯಾಹ್ನ ಎರಡರ ಕಿತ್ತಳೆ,
ಕಿಟಕಿ ಮರೆತ ರಾತ್ರಿಯೊಂದರ
ತೆಳು ನೀಲಿ ಪಟ್ಟಿ.

ಸರಿಹೋಯಿತು ಅಂದುಕೊಂಡೆ.
ಗೆರೆಯ ನಕ್ಷೆ ತೆಗೆದರೆ ಅಲ್ಲಿ ಇನ್ನೊಂದು ಜಾಣತನ:
ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದಕ್ಕೆ
ತಾನೇ ಎಳೆದ ಒಂದು ನೇರ ಗೆರೆ,
ನುಣುಪು, ಏನೂ ಆಗಿಲ್ಲವೆಂಬಂತೆ.

ಪಿಳ್ಳಪ್ಪನ ರಿಜಿಸ್ಟರ್ ತೆಗೆದೆ. ಅಂಚಿಗೆ ಸೊಪ್ಪಿನ ಕಲೆ.
ಆ ರಾತ್ರಿಯ ಎದುರು, ಪೆನ್ಸಿಲಿನಲ್ಲಿ:
'ಕರೆಂಟು ಹೋಯ್ತು. ಹುಳು ನಾಕನೇ ಜ್ವರಕ್ಕೆ ಕೂತವೆ.
ಇದ್ದಿಲೊಲೆ ಇಟ್ಟೆ. ಕೈಗೆ ಸರಿ ಅನ್ನಿಸ್ತು.'

ಕೈಗೆ ಸರಿ ಅಂದರೆ ಎಷ್ಟು ಡಿಗ್ರಿ, ಪಿಳ್ಳಪ್ಪ?
ಆರು ಗಂಟೆ, ತಲೆಯೆತ್ತಿ ಮೇವು ಬಿಟ್ಟು
ಅಲ್ಲಾಡದೆ ಕೂತ ಹುಳುಗಳ ನಡುವೆ
ಅಂಗೈ ಚಾಚಿ ನಿಂತ ಮನುಷ್ಯ.
ಆ ಗೆರೆಯ ಮೇಲೆ ಅವನು ಎಲ್ಲೂ ಇಲ್ಲ.

ಅಮ್ಮಿ ಮೂವತ್ತು ವರ್ಷ
ಬಿಸಿನೀರ ಬೇಸಿನ್ ಮುಂದೆ ಕೂತು ನೂಲು ಬಿಚ್ಚಿದವಳು,
ಬೆರಳ ತುದಿಗಳು ಸದಾ ಬೆಂದು ಬೆಳ್ಳಗೆ.
ಎಳೆ ತುಂಡಾದರೆ ತುದಿ ಹುಡುಕಿ ಗಂಟು ಹಾಕುತ್ತಿದ್ದಳು.
ಒಮ್ಮೆ ನಾನು ಎಂಜಲು ಹಚ್ಚಿ ಅಂಟಿಸಿ
ಸುಮ್ಮನಾದಾಗ ಮೊಣಕೈಗೊಂದು ಏಟು ಬಿತ್ತು:
'ಕೊಳ್ಳೋನ ಬೆರಳು ಕುರುಡಾ?
ಕಡಿದಿದ್ದು ಕಡೀತು. ಗಂಟು ಸಿಗಲಿ ಅವನಿಗೆ.'

ಸೇರಿಸುವ ಗುಂಡಿ ಆರಿಸಿದೆ.
ಗೆರೆ ಹನ್ನೊಂದಕ್ಕೆ ನಿಂತಿತು, ಐದಕ್ಕೆ ಮತ್ತೆ ಎದ್ದಿತು.
ನಡುವೆ ಬಿಳಿ.

ಆ ಬಿಳಿಯಲ್ಲಿ, ಸಣ್ಣಗೆ,
ಪಿಳ್ಳಪ್ಪನ ಮಾತು ಟೈಪ್ ಮಾಡಿದರೆ
ಖಾಲಿ ಚೌಕಗಳ ಸಾಲು ಬಂತು,
ಗೂಡು ಬಿಡಿಸಿಕೊಂಡ ಚಂದ್ರಿಕೆಯ ಹಾಗೆ.
ಫಾಂಟ್ ಬದಲಿಸಿದೆ. ಅಕ್ಷರ ಬಂದವು,
ಒತ್ತುಗಳು ಮಾತ್ರ ಅಕ್ಷರದ ಕಾಲ ಬುಡ ಬಿಟ್ಟು
ಪಕ್ಕದಲ್ಲಿ ಬಂದು ನಿಂತವು,
ಬಸ್ಸಿನಲ್ಲಿ ಸೀಟು ಸಿಗದ ಮಕ್ಕಳಂತೆ.

ಅನ್ ನ ಇಸ್ ತು.

ಗಂಟೆ ಎಂಟೂವರೆ. ಹಾಗೇ ಪ್ರಿಂಟ್ ಕೊಟ್ಟೆ.
ಮೇಡಂ ಓದುತ್ತಾರೆ, ಎಡವಿಕೊಂಡಾದರೂ.