ಎರಡು ಬೆಳಕಿನ ಬೆಲೆ

ಅಂಗಡಿಯಲ್ಲಿ ಒಂದು ಹಳೆಯ ಬಲ್ಬು ಉಳಿಸಿಕೊಂಡಿದ್ದೇನೆ,
ಅರುವತ್ತು ವ್ಯಾಟಿನದು, ತಂತಿ ಕೆಂಪಗೆ ಕಾಯುವಂಥದ್ದು.
ಎಲ್‌ಇಡಿಯ ಬೆಳಕಿಗೆ ಈ ಕಲ್ಲುಗಳು ಬಾಯಿಬಿಡುವುದಿಲ್ಲ.
ಮಂಗಳೂರೆಲ್ಲ ಹುಡುಕಿ ತಂದ ಮೂರರಲ್ಲಿ
ಇದೊಂದೇ ಬಾಕಿ. ಇದೂ ಹೋದರೆ ಮೇಣದಬತ್ತಿ.

ಹಗಲು ಪಚ್ಚೆ, ಇರುಳು ಕೆಂಪು.
ನಮ್ಮಲ್ಲಿ ಎರಡೂ ಬಣ್ಣವೂ ಹೌದು, ರತ್ನದ ಹೆಸರೂ ಹೌದು;
ಇದು ಮಾತ್ರ ಆ ಎರಡೂ ಅಲ್ಲ.
ಅಲೆಕ್ಸಾಂಡ್ರೈಟ್. ಅಜ್ಜನ ಬಾಯಲ್ಲಿ ಲೆಕ್ಸಂದ್ರ.
ಅಜ್ಜನ ಕಟ್ಟಳೆ: ಒಂದೇ ಬೆಳಕಲ್ಲಿ ಕೊಳ್ಳಬೇಡ.
ಬಿಸಿಲಲ್ಲಿ ನೋಡು, ದೀಪ ಹಚ್ಚಿ ಮತ್ತೆ ನೋಡು,
ನಡುವೆ ಒಂದು ಚಾ ಕುಡಿ.
ಕಲ್ಲಿಗೂ ಕಳ್ಳನಿಗೂ ನಡುವೆ
ನಾಲಗೆ ಮಡಚುವಷ್ಟೇ ದೂರ,
ಕಾಸರಗೋಡಿನಲ್ಲಂತೂ ನಾಲಗೆ
ದಿನಕ್ಕೆ ನಾಲ್ಕು ಭಾಷೆಗೆ ಮಡಚುತ್ತದೆ.

ತಳಂಗರೆಯ ಸೈನಬಿ ಬಂದದ್ದು ನಾಲ್ಕೂವರೆಗೆ.
ಟೊಪ್ಪಿ ಹೊಲಿದು ಉಳಿದ ಬಿಳಿ ಬಟ್ಟೆಯ ತುಂಡಿನಲ್ಲಿ
ಹೆಸರುಕಾಳಿಗಿಂತ ದೊಡ್ಡದು, ಕಡಲೆಗಿಂತ ಚಿಕ್ಕದು.
“ಉಪ್ಪ ಕೊಲಂಬಿನಿಂದ ತಂದದ್ದು. ಗಾಜೋ ಏನೋ.
ಎರಡು ಸಾವಿರ ಸಿಕ್ಕಿದರೆ ಸಾಕು.”

ಮೆಟ್ಟಿಲಿಗಿಳಿದು ಹಿಡಿದೆ.
ಎಳೆ ಬೆಂಡೆಯ ಹಸಿರು, ಒಳಗೆಲ್ಲೋ ತುಸು ನೀಲಿ.
ನಕಲಿಗೆ ಅವಸರ; ಹಗಲಿಗೇ ನೇರಳೆ ಉಗುಳುತ್ತದೆ.
ಮಸೂರದಡಿ ಗ್ರಾಮಫೋನ್ ತಟ್ಟೆಯಂಥ ಬಾಗಿದ ಗೆರೆ,
ಗುಂಡನೆ ಗುಳ್ಳೆ, ಬೇರೆಲ್ಲ ತೊಳೆದಿಟ್ಟಷ್ಟು ಶುದ್ಧ.
ಇದರೊಳಗೆ ಯಾರೋ ಬೆರಳೊತ್ತಿ ಹೋದಂಥ ಮಂಜು,
ರೇಷ್ಮೆಯ ಎರಡೆಳೆ, ಮೂಲೆಯಲ್ಲೊಂದು ಬಿರುಕು.
ಕುಂದು ಇದ್ದರೆ ನೆಲದ್ದು.

ಚಾ ಬಂತು. ತಣಿಯಿತು. ಸೈನಬಿ
ಮಗಳ ನರ್ಸಿಂಗ್ ಫೀಸಿನ ಮಾತು ಎತ್ತಿ
ಅರ್ಧಕ್ಕೇ ಬಿಟ್ಟಳು.
ಮಗ್‌ರಿಬಿನ ಬಾಂಗು ಮುಗಿದ ಮೇಲೆ ಸ್ವಿಚ್ಚು ಒತ್ತಿದೆ.

ಪುನರ್ಪುಳಿ ಸಾರಿಗೆ ಬೆಳಕು ಬಿದ್ದ ಹಾಗೆ
ಕೆಂಪು.

ಮೂರು ಉಸಿರು ನಾನು ಮಾತಾಡಲಿಲ್ಲ.
ಒಂದರಲ್ಲಿ ಜೈಪುರದವನ ಫೋನ್ ನಂಬರು.
ಒಂದರಲ್ಲಿ ಸೊಸೈಟಿಯಲ್ಲಿ ಅಡವಿಟ್ಟ ಹೆಂಡತಿಯ ಬಳೆ.
ಇನ್ನೊಂದರಲ್ಲಿ, ನಾಚಿಕೆಯಿಲ್ಲದೆ ಹೇಳುತ್ತೇನೆ,
ಮೇಜಿನ ಖಾನೆಯೊಳಗಿನ ಐನೂರರ ನಾಲ್ಕು ನೋಟು.

ಆಮೇಲೆ ಅಂದೆ: “ಅಸಲು. ಲಕ್ಷ ದಾಟುತ್ತದೆ.
ಲ್ಯಾಬಿನ ಕಾಗದ ಮಾಡಿಸದೆ
ಯಾರಿಗೂ ಕೊಡಬೇಡಿ. ನನಗೂ.”

ತಲೆಯೆತ್ತಿದರೆ ಅವಳು ಕಲ್ಲು ನೋಡುತ್ತಿರಲಿಲ್ಲ.
ಬಲ್ಬಿನಡಿಯ ನನ್ನ ಮುಖ ನೋಡುತ್ತಿದ್ದಳು,
ಎಷ್ಟು ಹೊತ್ತಿನಿಂದಲೋ.

“ಎರಡು ಅಂಗಡಿಯವರು ಹಗಲಲ್ಲಿ ಗಾಜು ಅಂದರು.
ನೀವು ಇರುಳಲ್ಲಿ ಲಕ್ಷ ಅಂದಿರಿ,” ಎಂದು
ಬಿಳಿ ಬಟ್ಟೆಯ ನಾಲ್ಕು ಮೂಲೆ ಮಡಚಿದಳು.
“ನಾಳೆ ಹನ್ನೊಂದಕ್ಕೆ ಬರುತ್ತೇನೆ, ಬಿಸಿಲಿರುವಾಗ.
ಇದನ್ನೇ ಹೇಳುತ್ತೀರೋ ನೋಡುವಾ.”

ಕುಡಿಯದ ಚಾದ ದುಡ್ಡು
ಮೇಜಿನ ಮೇಲೆ ಇಟ್ಟು ಹೋದಳು.